ಬಿಟಿ ಹತ್ತಿ, ಗುಲಾಬಿ ಕಾಯಿಕೊರಕ ಮತ್ತು ಜಿನ್ನಿಂಗ್ ಗಿರಣಿ: ಒಂದು ಅಧ್ಯಯನ

ಹತ್ತಿಯ ವ್ಯವಹಾರದಲ್ಲಿ ತೊಡಗಿರುವವರಿಗೆ ಜೈವಿಕ ತಂತ್ರಜ್ಞಾನವು ಕೇವಲ ಪ್ರಯೋಗಾಲಯದ ವಿಷಯವಾಗಿ ಉಳಿದಿಲ್ಲ. ಮಾರುಕಟ್ಟೆ ಪ್ರಾಂಗಣಕ್ಕೆ ಬರುವ ಹತ್ತಿಯಲ್ಲಿ ಶೇಕಡಾ ತೊಂಬತ್ತಕ್ಕೂ ಹೆಚ್ಚಿನ ಪಾಲು ಕುಲಾಂತರಿ ಬೀಜದ ಬೆಳೆ. ಅರಳೆಯ ಮೇಲೆ ಕಾಣುವ ಹಳದಿ ಕಲೆ, ಬೀಜ ಬೇರ್ಪಡಿಸುವಾಗ ಸಿಗುವ ಒಂದಕ್ಕೊಂದು ಅಂಟಿದ ಜೋಡಿ ಬೀಜ, ಗಾಣದಲ್ಲಿ ಇಳಿಮುಖವಾಗುವ ಎಣ್ಣೆಯ ಪ್ರಮಾಣ, ಇವು ಮೂರೂ ಬಹುಮಟ್ಟಿಗೆ ಒಂದೇ ಕೀಟದ ಗುರುತುಗಳು. ಈ ಕೀಟವನ್ನೂ ತಡೆಯಬೇಕೆಂದು ತಂದ ತಂತ್ರಜ್ಞಾನವೇ ಇಂದು ಅದರ ಮುಂದೆ ಸೋತು ನಿಂತಿರುವುದೇಕೆ, ಅದರಲ್ಲಿ ಗಿರಣಿ ಮಾಲೀಕರ ಮತ್ತು ಬೀಜ ವರ್ತಕರ ಪಾತ್ರವೇನು ಎಂಬುದನ್ನು ಅರಿಯುವುದು ಈ ಉದ್ಯಮದ ಹಿತಕ್ಕೆ ಅವಶ್ಯವಾಗಿದೆ.

ತಂತ್ರಜ್ಞಾನದ ತಿರುಳು

ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬುದು ಮಣ್ಣಿನಲ್ಲಿ ವಾಸಿಸುವ ಒಂದು ಸೂಕ್ಷ್ಮಾಣು. ಇದನ್ನು 1901ರಲ್ಲಿ ಮೊದಲು ಗುರುತಿಸಿದವರು ಜಪಾನಿನ ಇಶಿವಾಟಾ. ಅವರು ಹುಡುಕುತ್ತಿದ್ದುದು ರೇಷ್ಮೆಹುಳುಗಳ ಸಾವಿನ ಕಾರಣವನ್ನು. ಮುಂದೆ ಜರ್ಮನಿಯ ಬರ್ಲಿನರ್ ಅವರು ತುರಿಂಜಿಯಾ ಪ್ರಾಂತದಲ್ಲಿ ಅದನ್ನೇ ಕಂಡು ಈ ಹೆಸರನ್ನಿತ್ತರು. ಈ ಸೂಕ್ಷ್ಮಾಣು ತಯಾರಿಸುವ ಹರಳಿನಂಥ ಪ್ರೋಟೀನು ಪತಂಗ ಜಾತಿಯ ಹುಳುಗಳ ಕ್ಷಾರಯುಕ್ತ ಕರುಳಿನಲ್ಲಿ ಕರಗಿ, ಅಲ್ಲಿನ ಗ್ರಾಹಕಗಳಿಗೆ ಅಂಟಿಕೊಂಡು, ಕರುಳಿನ ಗೋಡೆಯಲ್ಲಿ ರಂಧ್ರಗಳನ್ನುಂಟುಮಾಡುತ್ತದೆ. ಹುಳು ಆಹಾರ ತ್ಯಜಿಸಿ ಸಾಯುತ್ತದೆ. ಮನುಷ್ಯನ ಜಠರ ಆಮ್ಲಯುಕ್ತವಾಗಿದ್ದು ಅಂಥ ಗ್ರಾಹಕಗಳೂ ಇಲ್ಲದ ಕಾರಣ ಅದೇ ಪರಿಣಾಮ ಉಂಟಾಗುವುದಿಲ್ಲ. ರೇಷ್ಮೆಹುಳುವೂ ಪತಂಗದ ಮರಿಯೇ ಆದುದರಿಂದ ಹಿಪ್ಪುನೇರಳೆ ತೋಟಗಳ ಆಸುಪಾಸಿನಲ್ಲಿ ಬಿಟಿ ಪುಡಿಯನ್ನು ಸಿಂಪಡಿಸಬಾರದೆಂಬ ಎಚ್ಚರಿಕೆಯ ಮೂಲವೂ ಇದೇ.

ಈ ಪ್ರೋಟೀನನ್ನು ತಯಾರಿಸುವ ವಂಶವಾಹಿಯನ್ನು ಹತ್ತಿ ಗಿಡದೊಳಗೇ ಸೇರಿಸಿದರೆ ಗಿಡವೇ ತನ್ನ ಔಷಧವನ್ನು ತಯಾರಿಸಿಕೊಳ್ಳುತ್ತದೆ. ಕ್ರೈ 1 ಎಸಿ ಎಂಬ ಒಂದೇ ವಂಶವಾಹಿಯುಳ್ಳ ಮೂರು ಸಂಕರಣ ತಳಿಗಳಿಗೆ ಕೇಂದ್ರದ ವಂಶವಾಹಿ ತಂತ್ರಜ್ಞಾನ ಅನುಮೋದನಾ ಸಮಿತಿಯು 2002ರ ಮಾರ್ಚ್‌ನಲ್ಲಿ ಒಪ್ಪಿಗೆ ನೀಡಿತು. ಮೊದಲ ವರ್ಷ ಬಿತ್ತನೆಗೆ ಅವಕಾಶ ದೊರೆತ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗುಜರಾತಿನಲ್ಲಿ ಅದಕ್ಕೂ ಮುಂಚೆ, 2001ರಲ್ಲೇ, ಅನುಮತಿಯಿಲ್ಲದ ಬಿಟಿ ಬೆಳೆ ಹೊಲಗಳಲ್ಲಿ ಪತ್ತೆಯಾಗಿತ್ತೆಂಬುದನ್ನು ಮರೆಯುವಂತಿಲ್ಲ. ಕಾನೂನಿಗಿಂತ ಬೀಜ ಮುಂದೆ ಓಡುವ ಪರಿಪಾಠ ಅಂದಿನಿಂದಲೇ ಆರಂಭವಾಯಿತು. 2006ರಲ್ಲಿ ಕ್ರೈ 2 ಎಬಿ ಎಂಬ ಎರಡನೆಯ ವಂಶವಾಹಿಯನ್ನೂ ಸೇರಿಸಿದ ಬೋಲ್‌ಗಾರ್ಡ್-2 ಬಂದಿತು.

ಅಂಕಿಗಳನ್ನು ಓದುವ ಬಗೆ

2001-02ರಲ್ಲಿ ದೇಶದ ಹತ್ತಿ ಉತ್ಪಾದನೆ 170 ಕಿಲೋ ತೂಕದ ಸುಮಾರು 158 ಲಕ್ಷ ಬೇಲುಗಳು. 2013-14ರಲ್ಲಿ ಅದು 398 ಲಕ್ಷ ಬೇಲುಗಳಿಗೆ ಏರಿತು. ಹೆಕ್ಟೇರಿಗೆ 308 ಕಿಲೋ ಇದ್ದ ಅರಳೆಯ ಇಳುವರಿ 566 ಕಿಲೋ ಮುಟ್ಟಿತು. ಆಮದು ಮಾಡಿಕೊಳ್ಳುತ್ತಿದ್ದ ದೇಶ ರಫ್ತುದಾರನಾಯಿತು. ಇಷ್ಟನ್ನು ಮಾತ್ರ ಓದಿದವರು ಇಡೀ ಏರಿಕೆಯನ್ನು ಒಂದು ವಂಶವಾಹಿಯ ಖಾತೆಗೆ ಜಮಾ ಮಾಡುವುದುಂಟು. ಆದರೆ ಇದೇ ಅವಧಿಯಲ್ಲಿ ಹತ್ತಿಯ ಕ್ಷೇತ್ರವೂ ಹಿಗ್ಗಿತು, ಗುಜರಾತಿನಲ್ಲಿ ನೀರಾವರಿ ವಿಸ್ತರಿಸಿತು, ಗೊಬ್ಬರದ ಬಳಕೆ ಏರಿತು, ರಸ ಹೀರುವ ಕೀಟಗಳಿಗೆ ಹೊಸ ಔಷಧಗಳು ಬಂದವು. ಬಿಟಿ ವಂಶವಾಹಿಯು ಇಳುವರಿ ಹೆಚ್ಚಿಸುವ ವಂಶವಾಹಿಯಲ್ಲ. ಕೀಟದಿಂದಾಗುವ ನಷ್ಟವನ್ನು ತಡೆಯುವಂಥದು. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ ಅದು ಬಂಡವಾಳವಲ್ಲ, ವಿಮೆ. ವಿಮೆ ಕೈಕೊಟ್ಟಾಗ ಏನಾಗುವುದೆಂಬುದನ್ನು ಇತ್ತೀಚಿನ ಅಂಕಿಗಳು ಸೂಚಿಸುತ್ತವೆ. 2022-23ರಿಂದ ಈಚೆಗೆ ಇಳುವರಿ ಹೆಕ್ಟೇರಿಗೆ 450 ಕಿಲೋಗಿಂತ ಕೆಳಗೆ ಇಳಿದಿದೆ. 2024-25ರ ಉತ್ಪಾದನೆ 300 ಲಕ್ಷ ಬೇಲುಗಳ ಆಸುಪಾಸಿಗೆ ಕುಸಿಯಿತು. 2021ರಲ್ಲಿ ಹೇರಲಾಗಿದ್ದ ಶೇಕಡಾ 11ರ ಆಮದು ಸುಂಕವನ್ನು 2025ರ ಆಗಸ್ಟ್ 19ರಿಂದ ಡಿಸೆಂಬರ್ 31ರವರೆಗೆ ಸರ್ಕಾರ ತೆಗೆದುಹಾಕಬೇಕಾಯಿತು. ಮಳೆಯ ಏರುಪೇರು, ಬೆಲೆಯ ಏರಿಳಿತಗಳೂ ಇಳಿಕೆಗೆ ಕಾರಣಗಳೇ. ಆದರೆ ಗುಲಾಬಿ ಕಾಯಿಕೊರಕದ ಪಾಲು ಚಿಕ್ಕದಲ್ಲ.

ಹುಳು ಗೆದ್ದುದು ಹೇಗೆ

ಈ ಕೀಟ ಹೊರಗಿನಿಂದ ಬಂದ ಅತಿಥಿಯಲ್ಲ. ಭರೂಚಿನ ಹತ್ತಿ ಹೊಲಗಳಿಂದ ಸಂಗ್ರಹಿಸಿದ ಮಾದರಿಗಳನ್ನು ಆಧರಿಸಿಯೇ 1843ರಲ್ಲಿ ಇದಕ್ಕೆ ವೈಜ್ಞಾನಿಕ ನಾಮಕರಣವಾಯಿತು. ತತ್ತಿಯಿಂದ ಹೊರಬಂದ ಮರಿ ಸ್ವಲ್ಪ ಹೊತ್ತಿನಲ್ಲೇ ಎಳೆಗಾಯಿಯನ್ನು ಕೊರೆದು ಒಳಸೇರುತ್ತದೆ. ಕೊರೆದ ರಂಧ್ರ ಮುಚ್ಚಿಹೋಗುತ್ತದೆ. ಹೊರಗಿನಿಂದ ಕಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಸಿಂಪಡಿಸಿದ ಔಷಧ ಅದನ್ನು ತಲುಪುವುದಿಲ್ಲ.

ಹಸಿರು ಕಾಯಿಕೊರಕವು ಬಿಟಿ ಹತ್ತಿಗೆ ಇಂದಿಗೂ ಬಹುಮಟ್ಟಿಗೆ ಬಗ್ಗಿದೆ, ಗುಲಾಬಿ ಕಾಯಿಕೊರಕ ಮಾತ್ರ ಬಗ್ಗಲಿಲ್ಲ. ಕಾರಣ ಅವುಗಳ ಊಟದಲ್ಲಿದೆ. ಹಸಿರು ಹುಳು ತೊಗರಿ, ಕಡಲೆ, ಟೊಮ್ಯಾಟೊ ಮೊದಲಾದ ಹತ್ತಾರು ಬೆಳೆಗಳನ್ನು ತಿನ್ನುತ್ತದೆ. ಆ ಹೊಲಗಳಲ್ಲಿ ವಿಷದ ಸೋಂಕಿಲ್ಲದೆ ಬೆಳೆದ ಪತಂಗಗಳು, ಹತ್ತಿಯಲ್ಲಿ ಬದುಕುಳಿದ ಒಂದೆರಡು ನಿರೋಧಕ ಪತಂಗಗಳೊಂದಿಗೆ ಕೂಡಿದಾಗ ಮುಂದಿನ ಸಂತತಿ ಮತ್ತೆ ವಿಷಕ್ಕೆ ಬಲಿಯಾಗುತ್ತದೆ. ಏಕೆಂದರೆ ನಿರೋಧಕ ಗುಣ ಸಾಮಾನ್ಯವಾಗಿ ತಂದೆತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಪ್ರಕಟವಾಗುತ್ತದೆ. ಗುಲಾಬಿ ಹುಳುವಿಗೆ ಭಾರತದಲ್ಲಿ ಹತ್ತಿಯೇ ಬಹುತೇಕ ಏಕೈಕ ಆಹಾರ. ಆದುದರಿಂದಲೇ ಬಿಟಿ ಹೊಲದ ಸುತ್ತ ಬಿಟಿಯಲ್ಲದ ಹತ್ತಿಯನ್ನು ಆಶ್ರಯ ಬೆಳೆಯಾಗಿ ಬಿತ್ತಬೇಕೆಂದು ನಿಯಮ ಮಾಡಿ, ಪ್ರತಿ 450 ಗ್ರಾಂ ಬಿಟಿ ಬೀಜದ ಜೊತೆಗೆ 120 ಗ್ರಾಂ ಸಾದಾ ಬೀಜದ ಪೊಟ್ಟಣ ಇಡಲಾಯಿತು. ಆ ಪೊಟ್ಟಣ ಹೊಲ ಸೇರಿದ್ದು ಅಪರೂಪ. ಬಹಳ ಕಡೆ ಅದು ಮನೆಯ ಮೂಲೆಯಲ್ಲೋ ಅಂಗಡಿಯ ಹಿತ್ತಿಲಲ್ಲೋ ಉಳಿಯಿತು. ಆಶ್ರಯ ಬೆಳೆಯಾಗಿ ತೊಗರಿಯನ್ನೂ ಬಿತ್ತಬಹುದೆಂಬ ರಿಯಾಯಿತಿ ಗುಲಾಬಿ ಹುಳುವಿನ ಮಟ್ಟಿಗೆ ಅರ್ಥವಿಲ್ಲದ್ದು. ಅದು ತೊಗರಿಯನ್ನು ಮುಟ್ಟುವುದೇ ಇಲ್ಲ. ಸಾದಾ ಬೀಜವನ್ನು ಚೀಲದೊಳಗೇ ಬೆರೆಸುವ ಪದ್ಧತಿ ಜಾರಿಗೆ ಬರುವಷ್ಟರಲ್ಲಿ ಕಾಲ ಮೀರಿತ್ತು. ಗುಜರಾತಿನಲ್ಲಿ ಮೊದಲ ವಂಶವಾಹಿಗೆ ನಿರೋಧಕತೆ ಬಂದುದು 2010ರಲ್ಲಿ ಬಹಿರಂಗವಾಯಿತು. 2014-15ರ ವೇಳೆಗೆ ಎರಡು ವಂಶವಾಹಿಗಳ ಹತ್ತಿಯಲ್ಲೂ ಹುಳು ಜೀವಂತವಾಗಿ ಸಿಗತೊಡಗಿತು.

ಇನ್ನೊಂದು ಸಂಗತಿ ಭಾರತಕ್ಕೇ ವಿಶಿಷ್ಟವಾದುದು. ಇತರ ಬಹುತೇಕ ದೇಶಗಳಲ್ಲಿ ಬಿಟಿ ಹತ್ತಿ ನೇರ ತಳಿಯಾಗಿ ಬಂದರೆ, ಇಲ್ಲಿ ಸಂಕರಣ ತಳಿಯಾಗಿ ಬಂದಿತು. ಪ್ರತಿವರ್ಷ ಬೀಜ ಮಾರಾಟವಾಗಬೇಕೆಂಬ ವ್ಯಾಪಾರದ ಲೆಕ್ಕಾಚಾರಕ್ಕೆ ಅದು ಒಗ್ಗುತ್ತಿತ್ತು. ಸಂಕರಣ ಗಿಡದಲ್ಲಿ ವಂಶವಾಹಿ ಒಂದೇ ಪಾಲಿನಲ್ಲಿರುವುದರಿಂದ ಅದರ ಕಾಯಿಯೊಳಗಿನ ಬೀಜಗಳೆಲ್ಲ ಒಂದೇ ಬಗೆಯಾಗಿರುವುದಿಲ್ಲ. ಲೆಕ್ಕದ ಪ್ರಕಾರ ಎರಡು ವಂಶವಾಹಿಗಳ ಹತ್ತಿಯಲ್ಲಿ ಹದಿನಾರು ಬೀಜಗಳಲ್ಲಿ ಒಂಬತ್ತಕ್ಕೆ ಎರಡೂ ವಿಷ, ಆರಕ್ಕೆ ಒಂದೊಂದೇ, ಒಂದಕ್ಕೆ ಯಾವುದೂ ಇಲ್ಲ. ಬೀಜ ತಿಂದು ಬದುಕುವ ಹುಳುವಿಗೆ ಇದು ವಿಷದ ಅಭ್ಯಾಸ ಮಾಡಿಕೊಳ್ಳಲು ಒದಗಿದ ಪಾಠಶಾಲೆಯಾಯಿತೆಂದು ಹಲವು ವಿಜ್ಞಾನಿಗಳ ಅಭಿಪ್ರಾಯ. ಜೊತೆಗೆ ಗಿಡಕ್ಕೆ ವಯಸ್ಸಾದಂತೆ ವಿಷದ ಪ್ರಮಾಣ ತಗ್ಗುತ್ತದೆ. ನಮ್ಮ ಸಂಕರಣ ತಳಿಗಳಾದರೋ ಆರು ತಿಂಗಳಿಗೂ ಮೀರಿ ಹೊಲದಲ್ಲಿ ನಿಲ್ಲುತ್ತವೆ.

ಇದೇ ಕೀಟವನ್ನು ಅಮೆರಿಕದಲ್ಲಿ ಬೇರೆಯಾಗಿ ಎದುರಿಸಲಾಯಿತು. ಅರಿಜೋನಾದ ರೈತರು ಆಶ್ರಯ ಬೆಳೆಯ ನಿಯಮವನ್ನು ಬಹುಮಟ್ಟಿಗೆ ಪಾಲಿಸಿದರು. ಮುಂದೆ ಕಾರ್ಖಾನೆಯಲ್ಲಿ ಸಾಕಿ, ವಿಕಿರಣದಿಂದ ಬಂಜೆಗೊಳಿಸಿದ ಪತಂಗಗಳನ್ನು ವಿಮಾನದಿಂದ ಹೊಲಗಳ ಮೇಲೆ ಬಿಡಲಾಯಿತು. 2018ರಲ್ಲಿ ಅಲ್ಲಿನ ಕೃಷಿ ಇಲಾಖೆಯು ಹತ್ತಿ ಬೆಳೆಯುವ ಪ್ರದೇಶ ಗುಲಾಬಿ ಕಾಯಿಕೊರಕದಿಂದ ಮುಕ್ತವಾಯಿತೆಂದು ಘೋಷಿಸಿತು. ಎರಡೂ ದೇಶಗಳ ಕೈಯಲ್ಲಿದ್ದ ತಂತ್ರಜ್ಞಾನ ಒಂದೇ. ಸಣ್ಣ ಹಿಡುವಳಿಯ ನಮ್ಮ ರೈತನಿಗೆ ಭೂಮಿಯ ಐದನೇ ಒಂದು ಭಾಗವನ್ನು ಹುಳುವಿಗೆ ಬಿಟ್ಟುಕೊಡೆಂದು ಹೇಳುವುದು ಸುಲಭವಲ್ಲ ನಿಜ. ಆದರೆ ಅದನ್ನು ಬೀಜ ಮಾರುವಾಗಲೇ ಯೋಚಿಸಬೇಕಾಗಿತ್ತು.

ಸಂಶೋಧನೆ ಮತ್ತು ಬೀಜದ ಬೆಲೆ

ಹತ್ತಿಯ ಸಂಶೋಧನೆಗೆ ಕರ್ನಾಟಕ ಹೊಸದೇನಲ್ಲ. ಡಾ. ಬಿ. ಎಚ್. ಕಟರಕಿಯವರು ಧಾರವಾಡದಲ್ಲಿ ಅಭಿವೃದ್ಧಿಪಡಿಸಿ 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ, ಎರಡು ಭಿನ್ನ ಹತ್ತಿ ಜಾತಿಗಳನ್ನು ಕೂಡಿಸಿದ ಮೊದಲ ವಾಣಿಜ್ಯ ಸಂಕರಣ. ಅನಂತರ ಬಂದ ಡಿಸಿಎಚ್-32 ಉದ್ದೆಳೆಯ ಅರಳೆಗೆ ಹೆಸರಾಯಿತು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯಗಳು ಸೇರಿ ರೂಪಿಸಿದ ಬಿಕಾನೇರಿ ನರ್ಮಾ ಬಿಟಿ, ರೈತ ತಾನೇ ಬೀಜ ಉಳಿಸಿಕೊಳ್ಳಬಹುದಾಗಿದ್ದ ನೇರ ತಳಿ. 2009ರಲ್ಲಿ ಅದು ಹೊಲ ಸೇರಿತಾದರೂ ಖಾಸಗಿ ವಂಶವಾಹಿಯ ಬೆರಕೆ ಕಂಡುಬಂದುದರಿಂದ ಹಿಂತೆಗೆಯಲ್ಪಟ್ಟಿತು. ಸಾರ್ವಜನಿಕ ಸಂಶೋಧನೆಗೆ ಅದು ದೊಡ್ಡ ಪೆಟ್ಟು.

ಬೆಲೆಯ ಕಥೆ ಬೇರೆ. 2002ರಲ್ಲಿ 450 ಗ್ರಾಂ ಪೊಟ್ಟಣಕ್ಕೆ ಸುಮಾರು 1600 ರೂ. ಇತ್ತು, ಅದರಲ್ಲಿ ಹೆಚ್ಚಿನ ಪಾಲು ತಂತ್ರಜ್ಞಾನ ಶುಲ್ಕ. 2006ರಲ್ಲಿ ಆಂಧ್ರಪ್ರದೇಶ ಸರ್ಕಾರದ ಹೋರಾಟದಿಂದ 750 ರೂ.ಗೆ ಇಳಿಯಿತು. 2015ರ ಡಿಸೆಂಬರಿನ ಕೇಂದ್ರ ಆದೇಶದ ನಂತರ ಇಡೀ ದೇಶಕ್ಕೆ ಒಂದೇ ಗರಿಷ್ಠ ಬೆಲೆ ನಿಗದಿಯಾಗುತ್ತಿದ್ದು, ತಂತ್ರಜ್ಞಾನ ಶುಲ್ಕವು 2016ರಲ್ಲಿ 49 ರೂ.ಗೆ ಇಳಿದು 2020ರಲ್ಲಿ ಸೊನ್ನೆಯಾಯಿತು. 2025ರ ಹಂಗಾಮಿಗೆ ಬೋಲ್‌ಗಾರ್ಡ್-2ರ 475 ಗ್ರಾಂ ಪೊಟ್ಟಣದ ಗರಿಷ್ಠ ಬೆಲೆ 901 ರೂ. ರೈತನಿಗೆ ಅಗ್ಗದ ಬೀಜ ದೊರೆತುದು ಒಳ್ಳೆಯದೇ. ಕೆಲಸ ಮಾಡದ ಗುಣಕ್ಕೆ ಶುಲ್ಕ ತೆರುವುದೂ ನ್ಯಾಯವಲ್ಲ. ಆದರೆ 2006ರ ನಂತರ ಹತ್ತಿಯಲ್ಲಿ ಹೊಸ ಕುಲಾಂತರಿ ಗುಣವೊಂದೂ ದೇಶದಲ್ಲಿ ವಾಣಿಜ್ಯ ಬಳಕೆಗೆ ಅನುಮತಿ ಪಡೆದಿಲ್ಲವೆಂಬುದೂ ಅಷ್ಟೇ ನಿಜ. ಆ ಖಾಲಿ ಜಾಗವನ್ನು ಕಳೆನಾಶಕ ಸಹಿಷ್ಣು ಹತ್ತಿಯ ಅಕ್ರಮ ಬೀಜ ತುಂಬಿತು. ಬಿಲ್ಲಿಲ್ಲದೆ ಮಾರಾಟವಾಗುವ ಈ ಬೀಜಕ್ಕೆ ಮೊಳಕೆಯ ಖಾತರಿಯೂ ಇಲ್ಲ, ಚೀಲದಲ್ಲಿ ಬೆರೆಸಿದ ಆಶ್ರಯ ಬೀಜವೂ ಇಲ್ಲ. ಪರವಾನಗಿಯುಳ್ಳ ವರ್ತಕನು ಇಂಥದನ್ನು ಅಂಗಡಿಯೊಳಗೆ ಬಿಟ್ಟುಕೊಂಡರೆ ಪರವಾನಗಿಯನ್ನೇ ಪಣಕ್ಕೊಡ್ಡಿದಂತೆ.

ಇತರ ಬೆಳೆಗಳಲ್ಲೂ ಹಾದಿ ಸರಾಗವಾಗಿಲ್ಲ. ಬಿಟಿ ಬದನೆಗೆ 2010ರ ಫೆಬ್ರವರಿಯಲ್ಲಿ ತಡೆ ಬಿದ್ದಿತು. ಕುಲಾಂತರಿ ಸಾಸಿವೆಗೆ 2022ರಲ್ಲಿ ದೊರೆತ ಅನುಮತಿಯ ಬಗ್ಗೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2024ರ ಜುಲೈನಲ್ಲಿ ಭಿನ್ನ ತೀರ್ಪು ನೀಡಿದರು. ಹೊರಗಿನ ವಂಶವಾಹಿಯನ್ನು ಸೇರಿಸದೆ ಗಿಡದ ಸ್ವಂತ ವಂಶವಾಹಿಯನ್ನೇ ತಿದ್ದುವ ವಿಧಾನಕ್ಕೆ 2022ರಲ್ಲಿ ನಿಯಮಗಳು ಸಡಿಲಗೊಂಡವು. ಅದರ ಫಲವಾಗಿ 2025ರ ಮೇ ತಿಂಗಳಲ್ಲಿ ಎರಡು ಭತ್ತದ ತಳಿಗಳು ಪ್ರಕಟವಾದವು. ಹತ್ತಿಯಲ್ಲಿ ಲಖನೌದ ರಾಷ್ಟ್ರೀಯ ಸಸ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜರೀಗಿಡವೊಂದರ ಪ್ರೋಟೀನಿನಿಂದ ಬಿಳಿನೊಣವನ್ನು ತಡೆಯಬಹುದೆಂದು 2016ರಲ್ಲಿ ತೋರಿಸಿದ್ದಾರೆ. 2025ರ ಕೇಂದ್ರ ಮುಂಗಡಪತ್ರವು ಹತ್ತಿ ಉತ್ಪಾದಕತೆಗಾಗಿ ಐದು ವರ್ಷಗಳ ಅಭಿಯಾನವೊಂದನ್ನು ಘೋಷಿಸಿತು. ಇವೆಲ್ಲ ಫಲ ಕೊಡುವವರೆಗೆ ಕೈಯಲ್ಲಿರುವ ಉಪಾಯಗಳಿಂದಲೇ ಹುಳುವನ್ನು ಹಿಡಿಯಬೇಕಾಗಿದೆ.

ಗಿರಣಿಯ ಪ್ರಾಂಗಣದಲ್ಲಿ

ಹಂಗಾಮಿನ ಕೊನೆಯ ಹುಳುಗಳು ಕೋಶಾವಸ್ಥೆಗೆ ಹೋಗದೆ, ಎರಡು ಬೀಜಗಳನ್ನು ನೂಲಿನಿಂದ ಹೆಣೆದು ಅದರೊಳಗೆ ತಿಂಗಳುಗಟ್ಟಲೆ ನಿದ್ರಿಸುತ್ತವೆ. ಹತ್ತಿ ಗಾಡಿಯೇರಿದಾಗ ಅವೂ ಏರುತ್ತವೆ. ಗಿರಣಿಯಲ್ಲಿ ರಾಶಿ ಬಿದ್ದ ಬೀಜದಿಂದ ಪತಂಗಗಳು ಹೊರಬಿದ್ದು ಸುತ್ತಲಿನ ಹೊಲಗಳನ್ನು ಸೇರುತ್ತವೆ. ಆ ಸೀಮೆಯಿಂದ ಮುಂದಿನ ವರ್ಷ ಬರುವ ಮಾಲಿನಲ್ಲಿ ಕಲೆಬಿದ್ದ ಅರಳೆ ಹೆಚ್ಚುತ್ತದೆ, ನೂಲಿನ ಗಿರಣಿಯವರು ಬೆಲೆ ಕಡಿಯುತ್ತಾರೆ. ಸುಮಾರು ಐದು ಕ್ವಿಂಟಲ್ ಹತ್ತಿಯಿಂದ ಒಂದು ಬೇಲು ಸಿದ್ಧವಾಗುವ ಲೆಕ್ಕದಲ್ಲಿ ಅರಳೆಯ ಪ್ರಮಾಣ ಶೇಕಡಾ ಒಂದರಷ್ಟು ಇಳಿದರೂ ಗಿರಣಿಯ ಲಾಭ ಎಷ್ಟು ಕರಗುವುದೆಂಬುದನ್ನು ಮಾಲೀಕರಿಗೆ ವಿವರಿಸಬೇಕಿಲ್ಲ.

ಆದಕಾರಣ ಹತ್ತಿಯನ್ನು ಬೇಸಿಗೆಯೊಳಗೆ ಜಿನ್ ಮಾಡಿ ಮುಗಿಸುವುದು, ಬೀಜವನ್ನು ಮಳೆಗಾಲದವರೆಗೆ ಕೂಡಿಡದೆ ಗಾಣಕ್ಕೆ ಕಳುಹಿಸುವುದು, ಯಂತ್ರದಡಿಯ ಕಸ ಮತ್ತು ಜೋಡಿ ಬೀಜಗಳನ್ನು ಕೂಡಲೇ ಸುಟ್ಟು ನಾಶಪಡಿಸುವುದು ಅಗತ್ಯ. ಎಣ್ಣೆಬೀಜದ ಬೆಲೆ ಏರುವುದೆಂದು ರಾಶಿ ಕಾಯುವವರು ಈ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ರೈತರಿಗೆ ಮುಂಗಡ ಕೊಡುವ ದಲ್ಲಾಳಿಗಳು ಡಿಸೆಂಬರ್ ಮುಗಿಯುವ ಹೊತ್ತಿಗೆ ಬೆಳೆ ಕಿತ್ತು ಕಟ್ಟಿಗೆ ಹೊಲದಿಂದ ತೆಗೆಯುವಂತೆ ಹೇಳಿದರೆ ಆ ಮಾತಿಗೆ ಅಧಿಕಾರಿಗಳ ಮಾತಿಗಿಂತ ಹೆಚ್ಚಿನ ತೂಕವಿರುತ್ತದೆ. ಗಿರಣಿ ಮತ್ತು ಮಾರುಕಟ್ಟೆ ಪ್ರಾಂಗಣಗಳಲ್ಲಿ ಹೆಣ್ಣು ಪತಂಗದ ವಾಸನೆಯ ಗುಳಿಗೆಯಿರಿಸಿದ ಮೋಹಕ ಬಲೆಗಳನ್ನು ತೂಗುಹಾಕಬೇಕು. ಗುಳಿಗೆಯ ಶಕ್ತಿ ಕುಂದುವುದರಿಂದ ತಯಾರಕರು ಸೂಚಿಸಿದ ಅವಧಿಗೆ ಅದನ್ನು ಬದಲಿಸಬೇಕು. ಹೊಲದಲ್ಲಾದರೆ ಸತತ ಮೂರು ರಾತ್ರಿ ಬಲೆಯೊಂದಕ್ಕೆ ಎಂಟು ಪತಂಗಗಳು ಬಿದ್ದರೆ ಔಷಧೋಪಚಾರಕ್ಕೆ ತೊಡಗಬೇಕೆಂಬ ಮಿತಿಯಿದೆ. ಗಿರಣಿಯಲ್ಲಿ ಅಂಥ ಮಿತಿಯನ್ನು ಕಾಯಬೇಕಾಗಿಲ್ಲ. ಅಲ್ಲಿ ಸಿಕ್ಕ ಪ್ರತಿ ಪತಂಗವೂ ಹೊಲ ತಲುಪದೆ ಉಳಿದ ಪತಂಗವೇ. ಬಲೆಗೆ ಬೀಳುವುದು ಗಂಡು ಮಾತ್ರವಾದುದರಿಂದ ರಾತ್ರಿ ಹೊತ್ತು ಬೀಜದ ಉಗ್ರಾಣದ ಬಾಗಿಲು ಮುಚ್ಚಿ, ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸುವುದೂ ಇದರ ಜೊತೆಗೇ ಆಗಬೇಕಾದ ಕೆಲಸ.