ಕಡಲ ಕಾವಲು: ನುಡಿ ಮತ್ತು ನಡೆ

ತೀರದಿಂದ ಬಹುದೂರದ ತೆರೆಗಡಲು ಯಾವೊಂದು ರಾಷ್ಟ್ರದ ಸ್ವತ್ತೂ ಅಲ್ಲ. ಒಡೆಯನಿಲ್ಲದ ಈ ಜಲರಾಶಿಯನ್ನು ಕಾಯುವವರಾರು? ರಾಜಕೀಯ ಸಂಸ್ಥೆಗಳು ಈ ಪ್ರಶ್ನೆಗೆ ಮೊದಲು ಮಾತಿನಲ್ಲಿ ಉತ್ತರವೀಯುತ್ತವೆ. ನಿರ್ಣಯ, ಘೋಷಣೆಗಳ ಮೂಲಕ ತಮ್ಮನ್ನು ಕಾವಲುಗಾರರೆಂದು ಸಾರಿಕೊಳ್ಳುತ್ತವೆ. ಆ ಮಾತಿನ ತೂಕವೆಷ್ಟೆಂಬುದನ್ನು ಐರೋಪ್ಯ ಒಕ್ಕೂಟದ ಎರಡು ನಿದರ್ಶನಗಳಿಂದ ಅರಿಯಬಹುದು.

2008ರಲ್ಲಿ ಸೊಮಾಲಿಯಾದ ಸಮೀಪದ ಸಮುದ್ರದಲ್ಲಿ ಕಡಲ್ಗಳ್ಳರ ಹಾವಳಿ ಮಿತಿಮೀರಿತು. ಹಸಿದ ಜನರಿಗೆ ಆಹಾರ ಸಾಗಿಸುತ್ತಿದ್ದ ವಿಶ್ವ ಆಹಾರ ಕಾರ್ಯಕ್ರಮದ ಹಡಗುಗಳಿಗೂ ಅಪಾಯ ಒದಗಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಜೂನ್ ತಿಂಗಳಲ್ಲಿ ಕಡಲ್ಗಳ್ಳತನವನ್ನು ಖಂಡಿಸಿ ನಿರ್ಣಯವನ್ನು ಅಂಗೀಕರಿಸಿತು. ಡಿಸೆಂಬರಿನಲ್ಲಿ ಐರೋಪ್ಯ ಒಕ್ಕೂಟವು 'ಅಟಲಾಂಟಾ' ಎಂಬ ನೌಕಾ ಕಾರ್ಯಾಚರಣೆಯನ್ನು ಆರಂಭಿಸಿ, ಆಹಾರದ ಹಡಗುಗಳ ರಕ್ಷಣೆಯನ್ನು ತನ್ನ ಮುಖ್ಯ ಕರ್ತವ್ಯಗಳಲ್ಲೊಂದೆಂದು ಸಾರಿತು. ಯುದ್ಧನೌಕೆಗಳ ಬೆಂಗಾವಲಿನಲ್ಲಿ ಧಾನ್ಯವು ದಡ ಸೇರಿತು. ಇಲ್ಲಿ ನುಡಿಗೆ ತಕ್ಕ ನಡೆಯಿತ್ತು.

ಎರಡನೆಯ ನಿದರ್ಶನವು ಮೆಡಿಟರೇನಿಯನ್ ಸಮುದ್ರದ್ದು. ಲಿಬಿಯಾದ ಕಡೆಯಿಂದ ದುರ್ಬಲ ದೋಣಿಗಳಲ್ಲಿ ಯೂರೋಪಿಗೆ ಹೊರಟ ವಲಸೆಗಾರರು ನೂರಾರು ಸಂಖ್ಯೆಯಲ್ಲಿ ಮುಳುಗಿ ಸತ್ತ ತರುವಾಯ, 2015ರಲ್ಲಿ ಒಕ್ಕೂಟವು ಮತ್ತೊಂದು ಕಾರ್ಯಾಚರಣೆಯನ್ನು ಕೈಗೊಂಡಿತು. ಜನರನ್ನು ಕಳ್ಳತನದಿಂದ ಸಾಗಿಸುವ ಜಾಲವನ್ನು ಮುರಿಯುವುದೇ ಅದರ ಉದ್ದೇಶವೆಂದು ಆದೇಶದಲ್ಲಿತ್ತು. ಆದರೆ ಅದರ ಹೆಸರು ಬೇರೊಂದನ್ನು ನುಡಿಯಿತು. ರಕ್ಷಿಸಲ್ಪಟ್ಟ ತಾಯಿಯೊಬ್ಬಳು ಜರ್ಮನ್ ಯುದ್ಧನೌಕೆಯಲ್ಲಿ ಹೆತ್ತ ಶಿಶುವಿನ ಹೆಸರಾದ 'ಸೋಫಿಯಾ' ಎಂಬುದನ್ನೇ ಕಾರ್ಯಾಚರಣೆಗೂ ಇಡಲಾಯಿತು. ಅದರ ಹಡಗುಗಳು ಸುಮಾರು 45,000 ಜನರನ್ನು ನೀರಿನಿಂದ ಮೇಲೆತ್ತಿದವು.

ಹಾಗೆ ಉಳಿದವರನ್ನು ಯಾವ ದೇಶದಲ್ಲಿ ಇಳಿಸಬೇಕೆಂಬ ವಿಷಯದಲ್ಲಿ ಸದಸ್ಯ ರಾಷ್ಟ್ರಗಳಲ್ಲಿ ಒಮ್ಮತ ಮೂಡಲಿಲ್ಲ. 2019ರ ಮಾರ್ಚಿನಲ್ಲಿ ಕಾರ್ಯಾಚರಣೆಯ ಅವಧಿಯನ್ನು ಮುಂದುವರಿಸಿದರೂ ಹಡಗುಗಳ ನಿಯೋಜನೆಯನ್ನು ನಿಲ್ಲಿಸಲಾಯಿತು. ವಿಮಾನಗಳ ಕಣ್ಗಾವಲು, ಲಿಬಿಯಾದ ತಟರಕ್ಷಕರ ತರಬೇತಿ ಇವು ಮಾತ್ರ ಉಳಿದವು. ಮುಳುಗುತ್ತಿರುವವರನ್ನು ವಿಮಾನವು ಕಾಣಬಲ್ಲದು, ಕೈಹಿಡಿದು ಎತ್ತಲಾರದು. 1982ರ ಸಮುದ್ರ ಕಾನೂನಿನ ಒಡಂಬಡಿಕೆಯು ಅಪಾಯದಲ್ಲಿರುವವರನ್ನು ರಕ್ಷಿಸುವ ಹೊಣೆಯನ್ನು ಹಡಗಿನ ನಾಯಕನ ಮೇಲೆ ಹೊರಿಸಿದೆ. ಹಡಗೇ ಇಲ್ಲದೆಡೆ ಆ ಹೊಣೆಯನ್ನು ಹೊರುವವರೂ ಇಲ್ಲ. ಆದರೂ 2020ರ ಮಾರ್ಚಿನಲ್ಲಿ ಕಾರ್ಯಾಚರಣೆ ಮುಗಿಯುವವರೆಗೆ ಆ ಶಿಶುವಿನ ಹೆಸರು ಹಾಗೆಯೇ ಉಳಿಯಿತು.

ಭದ್ರತೆಯೆಂಬ ಶಬ್ದವು ಹಿರಿದು. ಅದು ಸರಕಿನ ಭದ್ರತೆಯೇ, ಗಡಿಯ ಭದ್ರತೆಯೇ, ಮನುಷ್ಯನ ಪ್ರಾಣದ ಭದ್ರತೆಯೇ ಎಂದು ಕೇಳುವುದು ಪ್ರಜೆಗಳ ಕರ್ತವ್ಯ. ಕಾವಲುಗಾರನ ಯೋಗ್ಯತೆಯು ಅವನ ಘೋಷಣೆಯಿಂದ ತಿಳಿಯುವುದಿಲ್ಲ. ಮುಳುಗುವವನು ಕೂಗಿದಾಗ ಅವನೆಲ್ಲಿದ್ದನೆಂಬುದರಿಂದ ತಿಳಿಯುತ್ತದೆ.