ಗುಡ್ಡವೂ ಬದಲಾಗುತ್ತದೆ

ಏಳನೇ ಇಯತ್ತೆಯ ವಿಜ್ಞಾನದಲ್ಲಿ ನಮಗೆ ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ ಎಂಬ ಪಾಠ ಇದೆ. ಬರ್ಫ ಕರಗಿದರೆ ನೀರು, ಮತ್ತೆ ತಂಪು ಮಾಡಿದರೆ ಬರ್ಫ. ಇದು ಭೌತ. ಕುಡಗೋಲಿಗೆ ಜಂಗು ಹಿಡಿದರೆ, ಹಾಲು ಮೊಸರಾದರೆ ತಿರುಗಿ ಮೊದಲಿನಂತೆ ಆಗುವುದಿಲ್ಲ. ಇದು ರಾಸಾಯನಿಕ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಕಲ್ಲು, ಗುಡ್ಡ ಬದಲಾಗತಾವೇನು ಅಂತ ವರ್ಗದಲ್ಲಿ ಜಗಳವೇ ಆಯಿತು. ಅದಕ್ಕೇ ಇದನ್ನು ಬರೆದಿದ್ದೇನೆ.

ಸವದತ್ತಿ ಹತ್ತಿರದ ನವಿಲುತೀರ್ಥವನ್ನೇ ತಗೊಳ್ರಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಅಲ್ಲಿ ಗುಡ್ಡವನ್ನು ಸುತ್ತಿ ಹೋಗಿಲ್ಲ, ನಡುವೆ ಸೀಳಿಕೊಂಡು ಹೋಗಿದೆ. ನೀರು ಮೆತ್ತಗ, ಕಲ್ಲು ಗಟ್ಟಿ, ಹೆಂಗ ಸೀಳಿತು? ಬರೀ ನೀರಲ್ಲ. ಹೊಳೆ ಹೊತ್ತು ತರುವ ಉಸುಕು, ಹರಳು ಕಾನಸಿನ ಹಂಗ ಕಲ್ಲನ್ನು ತಿಕ್ಕುತ್ತವೆ. ಒಂದು ಮಳೆಗಾಲದಲ್ಲಿ ಸವೆದದ್ದು ಕಣ್ಣಿಗೆ ಕಾಣುವುದಿಲ್ಲ. ಆದರೆ ಹೊಳೆಗೆ ಅವಸರ ಇಲ್ಲ. ಇನ್ನೊಂದು ಮಜಾ ಕೇಳ್ರಿ. ಆ ಗುಡ್ಡದ್ದು ಮರಳುಗಲ್ಲು, ಕಲಾದಗಿ ಶಿಲೆಗಳ ಗುಂಪಿನದು, ನೂರು ಕೋಟಿ ವರ್ಷಕ್ಕಿಂತಲೂ ಹಳೆಯದು. ನೀರಿನ ತಳದಲ್ಲಿ ಕೂತ ಉಸುಕು ಒತ್ತಿ ಒತ್ತಿ ಕಲ್ಲಾಯಿತು. ಅಂದ್ರ ಉಸುಕೇ ಗುಡ್ಡ ಆಗಿತ್ತು, ಈಗ ಗುಡ್ಡ ಉಸುಕಾಗಿ ಹೊರಟಿದೆ.

ಆ ಸೀಳಿನ ಬಾಯಿಗೆ 1970ರ ದಶಕದಲ್ಲಿ ಆಣೆಕಟ್ಟು ಆಗಿ ರೇಣುಕಾಸಾಗರ ತುಂಬಿತು. ತುಂಬಿದಾಗ ನೀರಿನ ಮಟ್ಟ 2079.5 ಅಡಿ, ನೀರು ಸುಮಾರು 37 ಟಿ.ಎಂ.ಸಿ. ಹೊಲಗಳಿಗೆ ಕಾಲುವೆ ಬಂತು, ಹುಬ್ಬಳ್ಳಿ ಧಾರವಾಡದವರಿಗೆ ಕುಡಿಯುವ ನೀರು ಹೋಯಿತು. ಹಿಂದೆ ಊರುಗಳು ಮುಳುಗಿದವು. ನಮ್ಮ ಅಜ್ಜಿಯ ತವರೂರು ಅದರಲ್ಲೇ ಹೋಯಿತು. ಆಗ ಆಕಿಗೆ ನನ್ನಷ್ಟೇ ವಯಸ್ಸು. ಬರಗಾಲದ ಬ್ಯಾಸಗಿಯಲ್ಲಿ ನೀರು ಹಿಂದೆ ಸರಿದರೆ ಗ್ವಾಡಿಯ ತಳಪಾಯ ಕಾಣುತ್ತವಂತೆ. ನೀರು ಬಂತು, ನೀರು ಹೋಯಿತು, ಆದರೆ ಊರು ತಿರುಗಿ ಬರಲಿಲ್ಲ. ಇದು ಭೌತವೋ ರಾಸಾಯನಿಕವೋ? ನನ್ನ ಪ್ರಕಾರ ಎರಡೂ ಅಲ್ಲ. ಪಾಠದಲ್ಲಿ ಇದಕ್ಕೆ ಜಾಗ ಇಲ್ಲ.

ಇದನ್ನು ಕನ್ನಡ ಸರ್ ಅವರಿಗೆ ಕೇಳಿದೆ. ಸುಮಾರು 2500 ವರ್ಷಗಳ ಹಿಂದೆ ಗ್ರೀಸ್ ದೇಶದ ಹೆರಾಕ್ಲಿಟಸ್ ಎಂಬ ಜ್ಞಾನಿ, ಅದೇ ಹೊಳೆಗೆ ಎರಡು ಸಲ ಇಳಿಯಲು ಬರುವುದಿಲ್ಲ ಎಂಬ ಅರ್ಥದ ಮಾತು ಹೇಳಿದನಂತೆ. ಇಳಿದ ನೀರು ಮುಂದೆ ಹೋಗಿರುತ್ತದೆ. ಬುದ್ಧ ಇದನ್ನೇ ಅನಿತ್ಯ ಎಂದ. ಜೈನರು ಸ್ವಲ್ಪ ಬೇರೆ ಹೇಳುತ್ತಾರೆ. ಹುಟ್ಟು, ನಾಶ, ಉಳಿವು ಮೂರೂ ಒಂದೇ ವಸ್ತುವಿನಲ್ಲಿ ಇರುತ್ತವೆ. ಪಾಟಲಿ ಮುರಿಸಿ ಬೋರಮಾಳ ಮಾಡಿಸಿದರೆ ಪಾಟಲಿ ಹೋಯಿತು, ಬೋರಮಾಳ ಹುಟ್ಟಿತು, ಬಂಗಾರ ಉಳಿಯಿತು. ನನಗೆ ಈ ಮಾತು ಹೆಚ್ಚು ಸರಿ ಅನಿಸಿತು. ನಮ್ಮ ಮುರಗೋಡವೇ 1956ರ ನವೆಂಬರ್ 1ರ ತನಕ ಮುಂಬಯಿ ರಾಜ್ಯದಲ್ಲಿತ್ತು, ಆಮೇಲೆ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. ಊರು ಮಾತ್ರ ಕೂತಲ್ಲೇ ಕೂತಿದೆ.

ಹಂಗಾದರೆ ಮುಳುಗಿದ ಊರಿನಲ್ಲಿ ಬಂಗಾರದ ಹಂಗ ಉಳಿದದ್ದು ಏನು? ಹೊಳೆ ವರ್ಷಾ ಹೂಳು ತಂದು ಅದರ ಮ್ಯಾಲೆ ಹಾಸತೈತಿ. ಅಜ್ಜಿಗೆ ಕೇಳಿದೆ. ಆಕಿ ತವರಿನ ಮನೆಗಳನ್ನು ಅಗಸಿಯಿಂದ ಒಂದೊಂದಾಗಿ ಎಣಿಸಿ ಹೇಳಿದಳು. ಹದಿನಾಲ್ಕನೇ ಮನೆ ಯಾರದು ಅಂತ ಮಾತ್ರ ಇನ್ನೂ ನೆನಪು ಮಾಡಿಕೊಳ್ಳುತ್ತಿದ್ದಾಳೆ.