ಸ್ವಲೀನತೆಯುಳ್ಳ ಮಗು ಮತ್ತು ಗ್ರಾಮ ಪಂಚಾಯತಿ: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸದಸ್ಯರ ಅಧ್ಯಯನಕ್ಕಾಗಿ



ವಿಕಲಚೇತನರ ವಿಶೇಷ ಗ್ರಾಮಸಭೆಗೆ ಯಾರು ಬರುತ್ತಾರೆಂಬುದನ್ನು ತಾವು ಗಮನಿಸಿರಬಹುದು. ತ್ರಿಚಕ್ರ ವಾಹನ ಕೇಳುವವರು, ಶ್ರವಣ ಸಾಧನ ಕೇಳುವವರು, ಮಾಸಾಶನ ನಿಂತುಹೋದವರು ಬರುತ್ತಾರೆ. ಸ್ವಲೀನತೆಯುಳ್ಳ ಮಗುವಿನ ತಂದೆತಾಯಿಗಳು ಬರುವುದು ವಿರಳ. ಮಗುವಿನ ಕೈಕಾಲು ನೆಟ್ಟಗಿವೆ, ಕಣ್ಣು ಕಾಣುತ್ತದೆ, ಓಡಾಡುತ್ತದೆ. ಆದುದರಿಂದ ಅದನ್ನು ವಿಕಲಚೇತನ ಮಗುವೆಂದು ಊರು ಎಣಿಸುವುದಿಲ್ಲ, ಅನೇಕ ವೇಳೆ ಮನೆಯವರೂ ಎಣಿಸುವುದಿಲ್ಲ. ಹಠಮಾರಿ, ಮೂಕ, ಗಾಳಿ ಸೋಕಿದ ಕೂಸು ಎಂಬ ಹೆಸರುಗಳಲ್ಲಿ ಬಾಲ್ಯವೆಲ್ಲ ಕಳೆದುಹೋಗುತ್ತದೆ.

ನಮ್ಮ ದಾಖಲೆಗಳೂ ಈ ಮಗುವನ್ನು ಬಹುಕಾಲ ಕಾಣಲಿಲ್ಲ. 2011ರ ಜನಗಣತಿಯು ಅಂಗವೈಕಲ್ಯವನ್ನು ಎಂಟು ವರ್ಗಗಳಲ್ಲಿ ಎಣಿಸಿತು. ಆಟಿಸಂ ಎಂದೂ ಕರೆಯಲಾಗುವ ಸ್ವಲೀನತೆಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಿಗೆ ಒಬ್ಬರಲ್ಲಿ ಸ್ವಲೀನತೆ ಇತ್ತು. ಈ ಪ್ರಮಾಣವನ್ನು ಒಂದು ಸಾವಿರ ಮಕ್ಕಳಿರುವ ಪಂಚಾಯತಿಗೆ ಅನ್ವಯಿಸಿದರೆ ಏಳೆಂಟು ಮಕ್ಕಳಾಗುತ್ತಾರೆ. ತಮ್ಮ ಪಂಚಾಯತಿಯ ವಿಕಲಚೇತನರ ವಹಿಯಲ್ಲಿ ಈ ಕಲಮಿನಡಿ ಒಂದು ಹೆಸರೂ ಇಲ್ಲದಿದ್ದರೆ, ಅಂಥ ಮಕ್ಕಳು ಊರಲ್ಲಿಲ್ಲವೆಂದು ಭಾವಿಸುವುದಕ್ಕಿಂತ ಅವರು ಪತ್ತೆಯಾಗಿಲ್ಲವೆಂದು ಭಾವಿಸುವುದೇ ಯುಕ್ತ.

ಸ್ವಲೀನತೆ ಎಂದರೇನು

ಸ್ವಲೀನತೆಯು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಅದು ಅಂಟುರೋಗವಲ್ಲ, ಹುಚ್ಚೂ ಅಲ್ಲ. ಇತರರೊಡನೆ ಬೆರೆಯುವುದು, ಮಾತು ಹಾಗೂ ಸನ್ನೆಯಿಂದ ತನ್ನ ಮನಸ್ಸನ್ನು ತಿಳಿಸುವುದು ಇಂಥ ಮಗುವಿಗೆ ಕಷ್ಟ. ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡುವುದು, ಬಂಡಿಯ ಗಾಲಿಯನ್ನು ತಾಸುಗಟ್ಟಲೆ ತಿರುಗಿಸುತ್ತ ಕೂಡುವುದು, ದಿನಚರಿ ಬದಲಾದರೆ ತಡೆಯಲಾರದೆ ಅಳುವುದು, ಡೊಳ್ಳು ಅಥವಾ ಧ್ವನಿವರ್ಧಕದ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡುವುದು ಸಾಮಾನ್ಯ. ಕೆಲವರು ಓದಿ ಬರೆದು ಉದ್ಯೋಗ ಮಾಡುತ್ತಾರೆ. ಕೆಲವರಿಗೆ ಊಟ, ಸ್ನಾನಕ್ಕೂ ಜೀವನಪೂರ್ತಿ ನೆರವು ಬೇಕಾಗುತ್ತದೆ. ಒಬ್ಬರಂತೆ ಇನ್ನೊಬ್ಬರಿರುವುದಿಲ್ಲ.

ಇದರ ಕಾರಣದ ವಿಷಯದಲ್ಲಿ ಊರಿಗೆ ಸ್ಪಷ್ಟವಾಗಿ ತಿಳಿಯಬೇಕಾದ ಮಾತೊಂದಿದೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಈ ಸ್ಥಿತಿಯನ್ನು ಮೊದಲಿಗೆ ವಿವರವಾಗಿ ವರ್ಣಿಸಿದ ಬಳಿಕ, ತಾಯಿ ಪ್ರೀತಿ ತೋರದಿರುವುದೇ ಇದಕ್ಕೆ ಕಾರಣವೆಂಬ ವಾದ ಪಾಶ್ಚಾತ್ಯ ದೇಶಗಳಲ್ಲಿ ಕೆಲವು ದಶಕ ನಡೆಯಿತು. ಆ ವಾದ ಸುಳ್ಳೆಂದು ಸಿದ್ಧವಾಗಿದೆ. ಆನುವಂಶಿಕತೆಯ ಪಾತ್ರ ಇದರಲ್ಲಿ ದೊಡ್ಡದು. ಆದರೆ ನಮ್ಮ ಮನೆಗಳಲ್ಲಿ ಅದೇ ಆರೋಪ ಬೇರೆ ಮಾತಿನಲ್ಲಿ ಇಂದಿಗೂ ಜೀವಂತವಿದೆ. ಸೊಸೆ ಗ್ರಹಣದಲ್ಲಿ ಹೊರಗೆ ಬಂದಳು, ಹೊಲದ ಕೆಲಸಕ್ಕೆ ಹೋಗಿ ಮಗುವನ್ನು ನೋಡಲಿಲ್ಲ ಎಂದು ದೂರಲಾಗುತ್ತದೆ. ಲಸಿಕೆಯ ವಿಷಯವೂ ಹೀಗೆಯೇ. ದಡಾರ ಸೇರಿ ಮೂರು ರೋಗಗಳ ಲಸಿಕೆಯೇ ಕಾರಣವೆಂಬ ಗುಮಾನಿ ಹುಟ್ಟಿಸಿದ 1998ರ ಲೇಖನವು ಕೇವಲ 12 ಮಕ್ಕಳನ್ನು ಆಧರಿಸಿತ್ತು. ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಕನ್ನಡ, ಮರಾಠಿ, ಉರ್ದು, ಲಂಬಾಣಿ ಭಾಷೆಗಳು ಒಂದೇ ಓಣಿಯಲ್ಲಿ ಕೇಳಿಬರುವುದು ನಮ್ಮ ಗಡಿ ಭಾಗದ ಸಹಜ ಸ್ಥಿತಿ. ಎರಡು ಮೂರು ಭಾಷೆ ಕೇಳುವುದರಿಂದಲೂ ಸ್ವಲೀನತೆ ಬರುವುದಿಲ್ಲ.

ಭೀಮಾ ಅಮರಜಾ ಸಂಗಮದ ಗಾಣಗಾಪುರಕ್ಕಾಗಲಿ, ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕಾಗಲಿ ಹರಕೆ ಹೊತ್ತು ಹೋಗುವ ಕುಟುಂಬವನ್ನು ಸದಸ್ಯರು ಹಂಗಿಸತಕ್ಕದ್ದಲ್ಲ. ಹಂಗಿಸಿದರೆ ಆ ಮನೆಯ ಬಾಗಿಲು ತಮಗೆ ಮುಚ್ಚಿತೆಂದೇ ತಿಳಿಯಬೇಕು. ಹರಕೆಯ ಜೊತೆಗೆ ಅದೇ ವಾರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೋಗಿ ಬನ್ನಿರೆಂದು ಹೇಳುವುದು ಸಾಕು. ಆದರೆ ಮಗುವಿಗೆ ಬರೆ ಹಾಕುವುದು, ಹೊಡೆಯುವುದು, ಕಟ್ಟಿಹಾಕುವುದು ಕಂಡುಬಂದಲ್ಲಿ ಸುಮ್ಮನಿರುವಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು.

ಮೊದಲು ಕಾಣುವವರು ಯಾರು

ಹೆಸರು ಹಿಡಿದು ಕರೆದರೆ ಒಂದು ವರ್ಷವಾದರೂ ತಿರುಗಿ ನೋಡದಿರುವುದು, ಬೇಕಾದ ವಸ್ತುವನ್ನು ಬೆರಳಿನಿಂದ ತೋರಿಸದಿರುವುದು, 16 ತಿಂಗಳಾದರೂ ಒಂದು ಮಾತೂ ಬಾರದಿರುವುದು, ಎರಡು ವರ್ಷಕ್ಕೆ ಎರಡು ಪದ ಕೂಡಿಸದಿರುವುದು ಎಚ್ಚರಿಕೆಯ ಸೂಚನೆಗಳು. ಬಂದಿದ್ದ ಮಾತು ಯಾವ ವಯಸ್ಸಿನಲ್ಲಿ ನಿಂತುಹೋದರೂ ತಡಮಾಡಬಾರದು. ಇವನ್ನು ಮೊದಲು ಕಾಣಬಲ್ಲವರು ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಮತ್ತು ಕೂಸಿನ ಮನೆಯ ಆರೈಕೆದಾರರು. ತಾಯಿ ಕಾರ್ಡಿನಲ್ಲಿಯೇ ಮಗುವಿನ ಬೆಳವಣಿಗೆಯ ಹಂತಗಳು ಮುದ್ರಿತವಾಗಿವೆ. ಅದನ್ನು ಲಸಿಕೆಯ ದಿನಾಂಕಕ್ಕಷ್ಟೇ ತೆರೆಯುವ ರೂಢಿ ಬದಲಾಗಬೇಕಾಗಿದೆ. ಅಂಗನವಾಡಿಗಳಲ್ಲಿ ವಿಕಲಚೇತನ ಮಕ್ಕಳ ಸೇರ್ಪಡೆಗೆ ಕೇಂದ್ರ ಸರ್ಕಾರವು 2023ರ ನವೆಂಬರಿನಲ್ಲಿ ಪ್ರತ್ಯೇಕ ಕಾರ್ಯವಿಧಾನವನ್ನೇ ಹೊರಡಿಸಿದೆ.

2013ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಬರಬೇಕು. ಅದು ತಪಾಸಿಸಬೇಕಾದ ಸ್ಥಿತಿಗಳಲ್ಲಿ ಸ್ವಲೀನತೆಯೂ ಸೇರಿದೆ. ತಂಡ ಬರುವ ದಿನ ಯಾವ ಮಗು ಗೈರುಹಾಜರಾಗಿರುತ್ತದೆ? ಗದ್ದಲಕ್ಕೆ ಅಂಜಿ ಮನೆಯಲ್ಲೇ ಉಳಿದ ಮಗು, ಇಲ್ಲವೇ ತಂದೆತಾಯಿಯ ಜೊತೆ ಕಬ್ಬು ಕಡಿಯಲು, ಪುಣೆ ಮುಂಬಯಿ ಕಡೆಗೆ ದುಡಿಯಲು ಹೋದ ಮಗು. ಅಂದರೆ ತಪಾಸಣೆಯ ಅಗತ್ಯ ಹೆಚ್ಚಿರುವ ಮಗುವೇ ತಪ್ಪಿಹೋಗುತ್ತದೆ. ಭೇಟಿಯ ದಿನಾಂಕವನ್ನು ಮುಂಚಿತವಾಗಿ ಪಡೆದು, ಆ ಮನೆಗಳಿಗೆ ಹೇಳಿಕಳುಹಿಸುವ ಕೆಲಸ ವಾರ್ಡಿನ ಸದಸ್ಯರಿಂದ ಮಾತ್ರ ಸುಲಭವಾಗಿ ಆಗುತ್ತದೆ.

ಕರೆದರೆ ತಿರುಗದ ಮಗುವಿಗೆ ಕಿವಿ ಕೇಳದಿರುವುದೂ ಸಾಧ್ಯ. ಆದುದರಿಂದ ಶ್ರವಣ ಪರೀಕ್ಷೆಯನ್ನು ಮೊದಲು ಮಾಡಿಸತಕ್ಕದ್ದು.

ಪ್ರಮಾಣಪತ್ರದ ದಾರಿ

2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿತು. ಅದು ಗುರುತಿಸಿರುವ 21 ವೈಕಲ್ಯಗಳಲ್ಲಿ ಸ್ವಲೀನತೆ ಒಂದು. ಮಾಸಾಶನ, ಬಸ್ ಪಾಸ್ ಮುಂತಾದ ಸೌಲಭ್ಯಗಳಿಗೆ ಶೇ. 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಬೇಕು. ಮಾಸಾಶನದ ಮೊತ್ತವು ವೈಕಲ್ಯದ ಪ್ರಮಾಣವನ್ನು ಅವಲಂಬಿಸಿ ಬೇರೆಯಾಗುತ್ತದೆ. ವಿಶಿಷ್ಟ ಗುರುತಿನ ಚೀಟಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಆ ಚೀಟಿ ಇಡೀ ದೇಶಕ್ಕೆ ಮಾನ್ಯ. ದುಡಿಮೆಗಾಗಿ ಮಹಾರಾಷ್ಟ್ರಕ್ಕೆ ಹೋಗುವ ಕುಟುಂಬಗಳಿಗೆ ಇದು ಮುಖ್ಯ.

ಸ್ವಲೀನತೆಯನ್ನು ಅಳೆಯಲು ಭಾರತೀಯ ಮಾಪಕವೊಂದಿದೆ. ಅದರಲ್ಲಿ 40 ಅಂಶಗಳಿದ್ದು, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ನೀಡಲಾಗುತ್ತದೆ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಸ್ವಲೀನತೆ ಇಲ್ಲವೆಂದು ಪರಿಗಣಿಸುತ್ತಾರೆ. ಇಲ್ಲಿ ರಕ್ತ ಪರೀಕ್ಷೆಯಿಲ್ಲ, ಚಿತ್ರ ತೆಗೆಯುವುದಿಲ್ಲ; ಮಗುವನ್ನು ಗಮನಿಸಿ, ತಂದೆತಾಯಿಯನ್ನು ಕೇಳಿಯೇ ನಿರ್ಧರಿಸಬೇಕು. ಹೀಗಿರುವಾಗ, ದೊಡ್ಡ ಆಸ್ಪತ್ರೆಯ ಕೋಣೆಯಲ್ಲಿ ಬೆದರಿ ಕುಳಿತ ತಾಯಿ ಎಲ್ಲಕ್ಕೂ ಹೂಂ ಎಂದರೆ ಅಂಕ ತಪ್ಪುತ್ತದೆ. ಮಗು ಹೇಗೆ ಉಣ್ಣುತ್ತದೆ, ಹೇಗೆ ಮಲಗುತ್ತದೆ, ಯಾವುದಕ್ಕೆ ಬೆದರುತ್ತದೆ, ಯಾವ ವಯಸ್ಸಿನಲ್ಲಿ ಮಾತು ನಿಂತಿತು ಎಂಬುದನ್ನು ಮೊದಲೇ ಬರೆಸಿ ಕಳುಹಿಸಿರಿ. ಮನೆಯಲ್ಲಿ ಆಡುವಾಗಿನ ಎರಡು ಮೂರು ದೃಶ್ಯಗಳನ್ನು ಮೊಬೈಲಿನಲ್ಲಿ ಹಿಡಿದುಕೊಂಡಿದ್ದರೆ ಇನ್ನೂ ಒಳ್ಳೆಯದು. ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಜೊತೆಗೆ ಹೋಗುವುದು ಅಪೇಕ್ಷಣೀಯ. ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ಪ್ರಮಾಣಪತ್ರ ದೊರೆತಲ್ಲಿ ಅದರ ಅಂತಿಮ ದಿನಾಂಕವನ್ನು ಪಂಚಾಯತಿಯ ವಹಿಯಲ್ಲಿ ಬರೆದಿಡಬೇಕು.

ದೂರದ ಪ್ರಶ್ನೆ ಸಣ್ಣದಲ್ಲ. ಆಳಂದ, ಜೇವರ್ಗಿಗಳಿಂದ ಕಲಬುರಗಿ ಸುಮಾರು 40 ಕಿಲೋಮೀಟರ್, ಅಫಜಲಪುರದಿಂದ ಸುಮಾರು 60. ಮಾತು ಮತ್ತು ವರ್ತನೆಯ ತರಬೇತಿ ಒಂದು ದಿನದ ಕೆಲಸವಲ್ಲ, ತಿಂಗಳುಗಟ್ಟಲೆ ಹೋಗಬೇಕು. ಪ್ರತಿ ಬಾರಿಯೂ ಒಂದು ದಿನದ ಕೂಲಿ ಹೋಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ತಾಯಿ ಉಚಿತವಾಗಿ ಪ್ರಯಾಣಿಸಬಲ್ಲಳು. ಗಂಡು ಮಗುವಿಗೆ ಟಿಕೆಟು ಬೇಕಾಗುವ ವಯಸ್ಸಾದಾಗ ವಿಕಲಚೇತನರ ರಿಯಾಯಿತಿ ಪಾಸು ನೆರವಾಗುತ್ತದೆ. ಅದು ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಗೆ ಸಲ್ಲುವುದರಿಂದ ಮೂರೂ ತಾಲ್ಲೂಕುಗಳಿಂದ ಕಲಬುರಗಿ ಅದರೊಳಗೇ ಬರುತ್ತದೆ. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯು ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ರಕ್ಷಣೆ ನೀಡುತ್ತದೆ. ಆಸ್ಪತ್ರೆಗೆ ದಾಖಲಾಗದೆ ಪಡೆಯುವ ತರಬೇತಿಯ ವೆಚ್ಚವೂ ಅದರಲ್ಲಿ ಸೇರುತ್ತದೆ.

ಮನೆಯಲ್ಲೇ ಆಗುವ ಕೆಲಸ

ತಜ್ಞರು ಕಡಿಮೆ ಇರುವಲ್ಲಿ ಏನೂ ಮಾಡಲಾಗದೆಂಬ ನಿರಾಶೆ ಸರಿಯಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಕುಟುಂಬಗಳೊಡನೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಂದೆತಾಯಿಗಳಿಗೆ ಕಲಿಸಿದವರು ತಜ್ಞ ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಮಗುವಿನ ಗಮನ ಎಲ್ಲಿದೆಯೋ ಅಲ್ಲಿಗೆ ತಾವು ಹೋಗುವುದನ್ನು, ಅದರ ಚಿಕ್ಕ ಸನ್ನೆಗೂ ಉತ್ತರಿಸುವುದನ್ನು ತಂದೆತಾಯಿಗಳು ಕಲಿತರು. ಮಕ್ಕಳು ತಾವಾಗಿ ಮಾತಿಗೆ, ಸನ್ನೆಗೆ ಮುಂದಾಗುವುದು ಹೆಚ್ಚಿತು. ನಮ್ಮಲ್ಲಿಯೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರನ್ನು ಅರ್ಜಿ ತುಂಬುವ ಕೆಲಸಕ್ಕಷ್ಟೇ ಬಳಸುವುದು ಅವರ ಶಕ್ತಿಯ ಅಪವ್ಯಯವೆಂದೇ ನಮ್ಮ ಅಭಿಪ್ರಾಯ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಸ್ವಲೀನತೆಯ ಪರೀಕ್ಷೆ, ಮಾರ್ಗದರ್ಶನ ನೀಡುವ ಸರ್ಕಾರಿ ಸಂಸ್ಥೆಗಳು; ಕಷ್ಟದ ಪ್ರಕರಣಗಳನ್ನು ಅಲ್ಲಿಗೆ ಕಳುಹಿಸಬಹುದು.

ತಾಯಂದಿರ ಸ್ಥಿತಿಯನ್ನು ಇಲ್ಲಿ ಹೇಳದೆ ಹೋಗಲಾಗದು. ಮಗು ರಾತ್ರಿ ಮಲಗದು, ಹಗಲು ಒಂದು ಕ್ಷಣ ಬಿಡುವಂತಿಲ್ಲ, ಬಾವಿ ರಸ್ತೆಗಳ ಭಯ. ಮದುವೆ ಜಾತ್ರೆಗೆ ಕರೆಯುವವರಿಲ್ಲ. ಇಂಥ ಇಬ್ಬರು ಮೂವರು ತಾಯಂದಿರು ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಒಟ್ಟಿಗೆ ಕುಳಿತರೂ ಅದರ ಪ್ರಯೋಜನ ದೊಡ್ಡದು. ಯಾವ ಆಸ್ಪತ್ರೆಗೆ ಯಾವ ವಾರ ಹೋಗಬೇಕೆಂಬುದು ಸುತ್ತೋಲೆಗಿಂತ ಅವರ ಬಾಯಿಂದಲೇ ಬೇಗ ಹರಡುತ್ತದೆ. ಸ್ವಸಹಾಯ ಸಂಘಗಳ ಒಕ್ಕೂಟವು ಈ ಸಭೆ ಕರೆಯಬಹುದು. ಮನಸ್ಸು ಕುಗ್ಗಿದವರು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ದಣಿದ ತಂದೆತಾಯಿಗಳನ್ನೇ ಹುಡುಕಿಕೊಂಡು ಬರುವ ವ್ಯಾಪಾರವೂ ಇದೆ. ಸ್ವಲೀನತೆಯನ್ನು ಪೂರ್ತಿ ವಾಸಿಮಾಡುವ ಔಷಧ ಇಲ್ಲ. ಆಕರ ಕೋಶ ಚಿಕಿತ್ಸೆಯನ್ನು ಸ್ವಲೀನತೆಗೆ ಶಿಫಾರಸು ಮಾಡುವುದಿಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿಯೇ ತಿಳಿಸಿದೆ. ಲಕ್ಷಾಂತರ ರೂಪಾಯಿಗೆ ಹೊಲ ಬರೆದುಕೊಡಲು ಹೊರಟವರು ಕಂಡರೆ ಮೊದಲು ಸರ್ಕಾರಿ ವೈದ್ಯರನ್ನು ಕಾಣುವಂತೆ ಹೇಳಿರಿ.

ಶಾಲೆ ಮತ್ತು ಆಸ್ತಿ

ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಕಾನೂನಿನ ಹಕ್ಕು. ಸ್ವಲೀನತೆಯ ಕಾರಣ ಹೇಳಿ ದಾಖಲಾತಿ ನಿರಾಕರಿಸುವ ಅಧಿಕಾರ ಮುಖ್ಯೋಪಾಧ್ಯಾಯರಿಗಿಲ್ಲ. ತೀವ್ರ ವೈಕಲ್ಯವಿದ್ದಲ್ಲಿ ಗೃಹಾಧಾರಿತ ಶಿಕ್ಷಣವನ್ನು ತಂದೆತಾಯಿ ಆಯ್ದುಕೊಳ್ಳಬಹುದು. ಅದು ಶಾಲೆಯು ಮಗುವನ್ನು ಹೊರಗಿಡುವ ಉಪಾಯವಾಗಬಾರದು. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಅಧಿಸೂಚಿಸಿದೆ. ಹಳ್ಳಿಯ ಶಾಲೆಯಲ್ಲಿ ಆ ಶಿಕ್ಷಕರು ಇಲ್ಲದಿದ್ದರೆ, ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರ ಭೇಟಿಯನ್ನು ಶಾಲಾಭಿವೃದ್ಧಿ ಸಮಿತಿಯು ಲಿಖಿತವಾಗಿ ಕೇಳತಕ್ಕದ್ದು. ಗದ್ದಲದಿಂದ ದೂರದ ಒಂದು ಮೂಲೆ, ದಿನಚರಿಯನ್ನು ಚಿತ್ರಗಳಲ್ಲಿ ಬರೆದ ಗೋಡೆ, ಭದ್ರವಾದ ಆವರಣ ಗೇಟು: ಇವುಗಳಿಗೆ ಬೇಕಾಗುವ ಹಣ ಹೆಚ್ಚಿನದಲ್ಲ.

ನಾವು ಸತ್ತ ಮೇಲೆ ಇವನ ಗತಿ ಏನೆಂಬುದು ಪ್ರತಿಯೊಬ್ಬ ತಂದೆಯ ಪ್ರಶ್ನೆ. ತೊಗರಿ ಬೆಳೆಯುವ ನಾಲ್ಕೆಕರೆ ಪಾಲಾಗುವಾಗ ಮಾತಾಡದ ಮಗನ ಹೆಸರು ಬಿಟ್ಟುಹೋಗುವ ಸಂಭವವಿದೆ. ಅವನ ಪಾಲಿನ ಹಕ್ಕು ಮಾತಾಡುವ ಅಣ್ಣನ ಹಕ್ಕಿಗಿಂತ ಕಡಿಮೆಯಲ್ಲ. 18 ವರ್ಷ ತುಂಬಿದ ಬಳಿಕವೂ ಪೋಷಕರ ಅಗತ್ಯವಿದ್ದರೆ, 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಬಹುದು. ನ್ಯಾಯಾಲಯದ ಅಲೆದಾಟ ಇದಕ್ಕೆ ಬೇಕಿಲ್ಲ.

ಪಂಚಾಯತಿಯ ಸ್ವಂತ ಸಂಪನ್ಮೂಲದ ಶೇ. 5ನ್ನು ವಿಕಲಚೇತನರಿಗೆ ಮೀಸಲಿಡುವ ನಿಯಮ ತಮಗೆ ತಿಳಿದಿದೆ. ಆ ಮೊತ್ತವನ್ನು ಪ್ರತಿ ವರ್ಷ ಒಂದೇ ಬಗೆಯ ಸಾಮಗ್ರಿಗೆ ಹಂಚಿ ಮುಗಿಸುವುದಕ್ಕೆ ಬದಲಾಗಿ, ತರಬೇತಿಗೆ ಹೋಗಿಬರುವ ಮಗುವಿನ ಪ್ರಯಾಣಕ್ಕೆ, ಕಲಿಕಾ ಚಿತ್ರಗಳಿಗೆ, ತಾಯಂದಿರ ಸಭೆಗೆ ಅದರ ಒಂದು ಭಾಗವನ್ನು ನಿಯಮಾನುಸಾರ ವಿನಿಯೋಗಿಸುವ ಬಗ್ಗೆ ಸಾಮಾಜಿಕ ನ್ಯಾಯ ಸಮಿತಿಯಲ್ಲಿ ಚರ್ಚಿಸಿರಿ. ಮುಂದಿನ ಸಾಮಾನ್ಯ ಸಭೆಗೆ ಬರುವ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ಅಂಗನವಾಡಿ ಕಾರ್ಯಕರ್ತೆಯನ್ನು ಕಂಡು, ಎರಡು ವರ್ಷ ತುಂಬಿಯೂ ಮಾತು ಬಾರದ, ಕರೆದರೆ ತಿರುಗದ ಮಕ್ಕಳು ಯಾವ ಮನೆಯಲ್ಲಿದ್ದಾರೆಂದು ಕೇಳಿಕೊಂಡು ಬರತಕ್ಕದ್ದು. ಮಗುವಿನ ಹೆಸರನ್ನು ಸಭೆಯಲ್ಲಿ ಓದಬಾರದು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಮಾತ್ರ ನೀಡಿ, ಅವರು ಆ ಮನೆಗೆ ಹೋದ ದಿನಾಂಕವನ್ನು ನಂತರದ ಸಭೆಯಲ್ಲಿ ವಿಚಾರಿಸಬೇಕು.